ಮೋಡಕ್ಕೆ ಕೈಹಾಕುವ ಮುನ್ನ ಲೆಕ್ಕ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಎರೆಹೊಲಗಳಲ್ಲಿ ಹಿಂಗಾರಿ ಬಿಳಿಜೋಳದ ಹಣೆಬರಹ ಬರೆಯುವುದು ಉತ್ತರಿ, ಹಸ್ತ ಮಳೆಗಳು. ಪಶ್ಚಿಮ ಘಟ್ಟದ ಮಳೆ ನೆರಳಿಗೆ ಸಿಕ್ಕ ಈ ಸೀಮೆಯ ಮೇಲೆ ಮೋಡ ಕಟ್ಟಿಯೂ ಸುರಿಯದೆ ಹೋಗುವುದುಂಟು. ವಿಮಾನದಿಂದ ಮೋಡ ಬಿತ್ತನೆ ಮಾಡಿ ಅದನ್ನು ಸುರಿಸುವ ಆಸೆ ರಾಜ್ಯ ಸರ್ಕಾರಕ್ಕೆ ಹಳೆಯದು: 2003ರಲ್ಲಿ ‘ವರುಣ’, 2017ರ ಆಗಸ್ಟ್‌ನಲ್ಲಿ ‘ವರ್ಷಧಾರೆ’. ಎರಡನೆಯದಕ್ಕೆ ಬೆಂಗಳೂರು, ಗದಗದ ಜೊತೆಗೆ ಸುರಪುರದಲ್ಲೂ ರೇಡಾರ್ ನಿಂತಿತು. ಅದೇ ವರ್ಷ ಬೆಂಗಳೂರಿನಲ್ಲಿ ದಾಖಲೆ ಮಳೆಯಾಯಿತು. ಅದರಲ್ಲಿ ವಿಮಾನದ ಪಾಲೆಷ್ಟು, ಮುಂಗಾರಿನದೆಷ್ಟು ಎಂದು ಬೇರ್ಪಡಿಸಬೇಕಾದರೆ ಬಿತ್ತದೆ ಬಿಟ್ಟ ಮೋಡಗಳ ಲೆಕ್ಕವೂ ಕೈಯಲ್ಲಿರಬೇಕು. ಬರದ ಒತ್ತಡದಲ್ಲಿ ವಿಮಾನ ಹಾರಿಸುವವರಿಗೆ ಅಷ್ಟು ವ್ಯವಧಾನ ಎಲ್ಲಿಯದು?

ಆ ವ್ಯವಧಾನ ಸಿಕ್ಕಿದ್ದು ಇಂಡಿಯ ಗಡಿಯಾಚೆ, ಸೊಲ್ಲಾಪುರದಲ್ಲಿ. ಪುಣೆಯ ಉಷ್ಣವಲಯ ಪವನಶಾಸ್ತ್ರ ಸಂಸ್ಥೆ ಅಲ್ಲಿ 276 ಮೋಡಗಳನ್ನು ಆಯ್ದು, ಕೆಲವಕ್ಕೆ ಕ್ಯಾಲ್ಸಿಯಂ ಕ್ಲೋರೈಡ್ ಬಿತ್ತಿ, ಉಳಿದವನ್ನು ಹಾಗೇ ಬಿಟ್ಟು ಹೋಲಿಸಿತು. 2023ರಲ್ಲಿ ಪ್ರಕಟವಾದ ಫಲಿತಾಂಶದಂತೆ, ನೂರು ಚದರ ಕಿಲೋಮೀಟರಿನಷ್ಟು ಪ್ರದೇಶದಲ್ಲಿ ಸರಾಸರಿ ಶೇ 18ರಷ್ಟು ಹೆಚ್ಚು ಮಳೆ. ಕಡಿಮೆಯೇನಲ್ಲ. ಆದರೆ ತಕ್ಕ ಮೋಡವಿದ್ದರೆ ಮಾತ್ರ. ಬರಗಾಲದಲ್ಲಿ ಮೊದಲು ಮಾಯವಾಗುವುದೇ ಅದು.

ಬೆಳೆ ಒಣಗುವಾಗ ಲೆಕ್ಕದ ಮಾತೇಕೆ, ಏನಾದರೂ ಮಾಡಲಿ ಎಂಬ ವಾದವನ್ನು ತಳ್ಳಿಹಾಕಲಾಗದು. ಮೋಡ ಬಿತ್ತನೆ ಸ್ಥಳೀಯ, ತಾಸುಗಳಲ್ಲಿ ಮುಗಿಯುವಂಥದ್ದು. ತಪ್ಪಿದರೆ ಹಣವಷ್ಟೇ ಹೋದೀತು. ಆದರೆ ಅದೇ ಅವಸರ ಇಡೀ ಭೂಮಿಯನ್ನು ತಂಪಾಗಿಸುವ ಹವಾಗುಣ ಎಂಜಿನಿಯರಿಂಗ್‌ಗೆ ದಾಟಿದರೆ ಕಥೆ ಬೇರೆ. ವಾಯುಮಂಡಲದ ಮೇಲ್ಪದರಕ್ಕೆ ಗಂಧಕದ ಕಣ ಸೇರಿಸಿದರೆ ತಾಪ ಇಳಿಯುತ್ತದೆ. 1991ರಲ್ಲಿ ಪಿನಾಟುಬೊ ಜ್ವಾಲಾಮುಖಿ ಅದನ್ನು ತೋರಿಸಿತು, ಸುಮಾರು ಅರ್ಧ ಡಿಗ್ರಿಯಷ್ಟು. ಮಳೆಯ ಗತಿ? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಗೋವಿಂದಸ್ವಾಮಿ ಬಾಲ ಮತ್ತು ಸಂಗಡಿಗರು 2018ರಲ್ಲಿ ಕಂಪ್ಯೂಟರ್ ಮಾದರಿಯಲ್ಲಿ ಕಂಡಂತೆ, ಉತ್ತರ ಧ್ರುವವನ್ನಷ್ಟೇ ತಂಪಾಗಿಸಿದರೆ ಮಳೆಪಟ್ಟಿ ದಕ್ಷಿಣಕ್ಕೆ ಸರಿದು ಉತ್ತರ ಗೋಳಾರ್ಧದ ಮಾನ್ಸೂನ್ ಕುಗ್ಗುತ್ತದೆ. ಎಲ್ಲೋ ಹಿಮ ಉಳಿಸಲು ಹೊರಟವರು ಸಿಂದಗಿಯ ಜೋಳಕ್ಕೆ ಕುತ್ತು ತರಬಹುದು, ತಮಗೇ ತಿಳಿಯದೆ.

ಹಾಗಂತ ಸಂಶೋಧನೆಯನ್ನೇ ನಿಲ್ಲಿಸಿ ಎನ್ನುವುದೂ ಸರಿಯಲ್ಲ. ಬಾಲ ಅವರ ತಂಡ ಲೆಕ್ಕ ಹಾಕದಿದ್ದರೆ ಈ ಅಪಾಯ ನಮಗೆ ಗೊತ್ತಾಗುತ್ತಿರಲಿಲ್ಲ. ಬೇಕಿರುವುದು ಪ್ರಯೋಗಕ್ಕೆ ಮುಂಚಿನ ಕರಾರು: ಅಳೆಯುವವರು ಯಾರು, ಮಳೆ ಕಳೆದುಕೊಂಡವರಿಗೆ ಉತ್ತರ ಕೊಡುವವರು ಯಾರು. ಸರ್ಕಾರಗಳು ಎಡವುತ್ತಿರುವುದೇ ಇಲ್ಲಿ. ನೈರೋಬಿಯ ವಿಶ್ವಸಂಸ್ಥೆ ಪರಿಸರ ಸಭೆಯಲ್ಲಿ ಸ್ವಿಟ್ಜರ್ಲೆಂಡ್ 2019ರಲ್ಲಿ ಒಮ್ಮೆ, 2024ರಲ್ಲಿ ಮತ್ತೊಮ್ಮೆ ಈ ವಿಷಯ ಎತ್ತಿತು. ಮೊದಲ ಸಲ ಅಮೆರಿಕ, ಸೌದಿ ಅರೇಬಿಯ ಅಡ್ಡ ಬಂದವು. ಎರಡನೆಯ ಸಲ, ಇಂಥ ತಂತ್ರವನ್ನೇ ಬಳಸಬಾರದೆಂದ ಆಫ್ರಿಕಾದ ದೇಶಗಳಿಗೂ ಉಳಿದವರಿಗೂ ಹೊಂದಾಣಿಕೆಯಾಗದೆ ಪ್ರಸ್ತಾವ ಹಿಂದೆ ಹೋಯಿತು.