ಹೆರಿಗೆಯಾದ ಮೇಲಿನ ಎರಡು ತಾಸು

ಕರ್ನಾಟಕದಲ್ಲಿ 2005-06ರ ಸುಮಾರಿಗೆ ನೂರು ಹೆರಿಗೆಗಳಲ್ಲಿ 65 ಮಾತ್ರ ಆಸ್ಪತ್ರೆಗಳಲ್ಲಿ ಆಗುತ್ತಿದ್ದವು. 2019-20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಹೊತ್ತಿಗೆ ಅದು 97ಕ್ಕೆ ಏರಿತ್ತು. ಆಶಾ ಕಾರ್ಯಕರ್ತೆಯರು ಮನೆ ಮನೆ ತಿರುಗಿ ಬಸುರಿಯರಿಗೆ ತಾಯಿ ಕಾರ್ಡ್ ಮಾಡಿಸಿದರು. 2008ರ ನವೆಂಬರಿನಲ್ಲಿ 108 ಆಂಬುಲೆನ್ಸ್ ಓಡಾಡತೊಡಗಿತು. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ ಉಚಿತವಾಯಿತು. ಇದರ ಫಲವೂ ಕಾಣಿಸಿತು. ಒಂದು ಲಕ್ಷ ಜೀವಂತ ಜನನಗಳಿಗೆ 2004-06ರಲ್ಲಿ 213 ತಾಯಂದಿರು ಸಾಯುತ್ತಿದ್ದರೆ, 2018-20ರಲ್ಲಿ ಆ ಸಂಖ್ಯೆ 69ಕ್ಕೆ ಇಳಿಯಿತು. ಅದೇ ಅವಧಿಯಲ್ಲಿ ಕೇರಳದ ಸಂಖ್ಯೆ 19. ಅಲ್ಲಿಯೂ ಹೆರಿಗೆ ಆಸ್ಪತ್ರೆಯಲ್ಲೇ, ಇಲ್ಲಿಯೂ ಆಸ್ಪತ್ರೆಯಲ್ಲೇ. ಅಂದ ಮೇಲೆ ಉಳಿದಿರುವ ಅಂತರವನ್ನು ಆಸ್ಪತ್ರೆಯ ಬಾಗಿಲಿನ ಒಳಗೇ ಹುಡುಕಬೇಕು. ಹೆರಿಗೆಯಾದ ಮೊದಲ ಎರಡು ತಾಸುಗಳಲ್ಲಿ ಬಾಣಂತಿಯ ಪಕ್ಕದಲ್ಲಿರುವ ನರ್ಸ್ ಏನು ಮಾಡಬಲ್ಲಳು, ಆ ಬಾಣಂತಿ ಮೈಯಲ್ಲಿ ಎಷ್ಟು ರಕ್ತ ಇಟ್ಟುಕೊಂಡು ಹೆರಿಗೆಗೆ ಬಂದಳು ಎಂಬ ಎರಡು ಸಂಗತಿಗಳ ಮೇಲೆ ಅವಳ ಜೀವ ನಿಂತಿದೆ ಎಂಬುದು ನನ್ನ ವಾದ.

ಮಗು ಹುಟ್ಟಿ, ಕಸ ಬಿದ್ದ ಮೇಲೆ ಗರ್ಭಕೋಶ ಮುದುಡಿ ಗಟ್ಟಿಯಾಗಬೇಕು. ಹಾಗೆ ಮುದುಡಿದಾಗಲೇ ಬಾಯಿ ತೆರೆದ ರಕ್ತನಾಳಗಳು ಹಿಚುಕಿ ಮುಚ್ಚಿಕೊಳ್ಳುವುದು. ಅದು ಮೆತ್ತಗೇ ಉಳಿದರೆ ರಕ್ತ ಅರ್ಧ ಲೀಟರ್ ದಾಟಲು ಹೊತ್ತು ಬೇಕಿಲ್ಲ; ಎರಡು ತಾಸಿನೊಳಗೆ ಸಾವೂ ಬರಬಹುದು. ಕೂಡ್ಲಿಗಿ ತಾಲ್ಲೂಕಿನ ಕಾನಹೊಸಹಳ್ಳಿಯನ್ನೇ ನೋಡಿ. ಅದು ಹೆದ್ದಾರಿಯ ಮೇಲಿನ ಊರು, ನಿಜ. ಆದರೆ ಸುತ್ತಲಿನ ಹಟ್ಟಿ, ತಾಂಡಾಗಳಿಂದ ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರ, ಅಲ್ಲಿಂದ ಕೂಡ್ಲಿಗಿ, ಕೂಡ್ಲಿಗಿಯಿಂದ ಬಳ್ಳಾರಿ ಎಂದು ರೆಫರ್ ಆಗುತ್ತ ಹೋದರೆ ಆ ಎರಡು ತಾಸು ದಾರಿಯಲ್ಲೇ ಕಳೆದುಹೋಗುತ್ತದೆ. ಹೊಕ್ಕುಳ ಕೆಳಗೆ ಅಂಗೈ ಇಟ್ಟು ಗರ್ಭಕೋಶ ಗಟ್ಟಿಯಾಯಿತೇ ಎಂದು ಮತ್ತೆ ಮತ್ತೆ ನೋಡುವುದು, ಮಗು ಹುಟ್ಟಿದ ಕೂಡಲೇ ಆಕ್ಸಿಟೋಸಿನ್ ಚುಚ್ಚುವುದು, ಎಷ್ಟು ರಕ್ತ ಹೋಯಿತೆಂದು ಕಣ್ಣಂದಾಜು ಬಿಟ್ಟು ಅಳೆಯುವುದು: ಈ ಕೆಲಸಗಳಿಗೆ ದೊಡ್ಡ ಕಟ್ಟಡ ಬೇಕಿಲ್ಲ. ಆಕ್ಸಿಟೋಸಿನ್‌ಗೆ ಮಾತ್ರ ಫ್ರಿಜ್ ಬೇಕು. ಈ ಕಡೆಯ ಏಪ್ರಿಲ್ ಬಿಸಿಲಲ್ಲಿ, ಕರೆಂಟ್ ಹೋದ ದಿನ ಅದೇ ದೊಡ್ಡ ತೊಡಕು. ಅದಕ್ಕೂ ಉತ್ತರ ಕರ್ನಾಟಕದಲ್ಲೇ ದಾರಿ ಸಿಕ್ಕಿದೆ. ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ 1,620 ತಾಯಂದಿರ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಎಎನ್‌ಎಂಗಳು ಹೆರಿಗೆಯಾದ ಕೂಡಲೇ ಮಿಸೊಪ್ರೊಸ್ಟಾಲ್ ಮಾತ್ರೆ ನುಂಗಿಸಿದರು. ಫ್ರಿಜ್ ಬೇಡದ ಆ ಮಾತ್ರೆಯಿಂದ ಅತಿ ರಕ್ತಸ್ರಾವ ನೂರಕ್ಕೆ 12ರಿಂದ 6.4ಕ್ಕೆ ಇಳಿಯಿತು. ರಕ್ತ ಅಳೆಯಲು ಅವರು ಬಳಸಿದ್ದು ಬಾಣಂತಿಯ ಕೆಳಗೆ ಹಾಸುವ ಪ್ಲಾಸ್ಟಿಕ್ ಹಾಳೆ. ಅದರ ತುದಿಯ ಚೀಲದ ಮೇಲೆ ಮಿಲಿಲೀಟರ್ ಗೆರೆಗಳಿದ್ದವು. ಅಂಥದೇ ಹಾಳೆಯಿಂದ ರಕ್ತಸ್ರಾವವನ್ನು ಬೇಗ ಗುರುತಿಸಿ, ಎಲ್ಲ ಚಿಕಿತ್ಸೆಯನ್ನೂ ಒಟ್ಟಿಗೇ ಕೊಟ್ಟ ಆಫ್ರಿಕಾದ ನಾಲ್ಕು ದೇಶಗಳ ಆಸ್ಪತ್ರೆಗಳಲ್ಲಿ ತೀವ್ರ ರಕ್ತಸ್ರಾವ ಮತ್ತು ಅದರಿಂದಾಗುವ ಅನಾಹುತ ನೂರಕ್ಕೆ 60ರಷ್ಟು ತಗ್ಗಿತೆಂದು 2023ರಲ್ಲಿ ವರದಿಯಾಯಿತು.

ಬರೀ ತರಬೇತಿಯಿಂದ ಸಾವು ನಿಲ್ಲುತ್ತದೆಯೇ ಎಂದು ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಅವಿಭಜಿತ ಬಳ್ಳಾರಿ ಮತ್ತು ಕಲಬುರಗಿ ಜಿಲ್ಲೆಗಳ 108 ಆರೋಗ್ಯ ಕೇಂದ್ರಗಳಲ್ಲಿ ಅರ್ಧದಷ್ಟಕ್ಕೆ ಅನುಭವಿ ನರ್ಸ್‌ಗಳನ್ನು ಆಗಾಗ ಕಳಿಸಿ, ಅಲ್ಲಿನ ನರ್ಸ್‌ಗಳ ಜೊತೆ ನಿಂತು ಕೆಲಸ ಕಲಿಸಿದಾಗ ಅವರ ತಿಳಿವಳಿಕೆ, ಕೇಸ್ ಶೀಟ್ ಬರೆಯುವುದು, ಔಷಧಿ ಸಿದ್ಧತೆ ಎಲ್ಲವೂ ಸುಧಾರಿಸಿತು. ಆದರೆ ಉತ್ತರ ಪ್ರದೇಶದಲ್ಲಿ ಇನ್ನೂ ದೊಡ್ಡದಾಗಿ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ನರ್ಸ್‌ಗಳ ಕೆಲಸ ಸುಧಾರಿಸಿದರೂ ಸಾವು ಇಳಿಯಲಿಲ್ಲ. ಕಲಿಸುವುದು ವ್ಯರ್ಥ ಎಂದು ಇದರಿಂದ ತೀರ್ಮಾನಿಸಲಾಗದು. ಕಲಿತ ಕೈಗೆ ಕೆಡದ ಔಷಧಿ ಸಿಗಬೇಕು, ತಾಲ್ಲೂಕು ಆಸ್ಪತ್ರೆಯಲ್ಲಿ ರಾತ್ರಿಯೂ ರಕ್ತ ಸಿಗಬೇಕು, ಕಲಿಸುವವರು ಬರುವುದು ನಿಂತ ಮೇಲೂ ರೂಢಿ ಉಳಿಯಬೇಕು. ಇವುಗಳಲ್ಲಿ ಒಂದು ಕೈಕೊಟ್ಟರೂ ಉಳಿದವು ಸಾಲುವುದಿಲ್ಲ.

ಹಾಗಾದರೆ ಎಲ್ಲರನ್ನೂ ನೇರವಾಗಿ ದೊಡ್ಡಾಸ್ಪತ್ರೆಗೇ ಕಳಿಸಿದರಾಗದೇ ಎಂಬುದು ಇನ್ನೊಂದು ವಾದ. 2024ರ ನವೆಂಬರಿನಲ್ಲಿ ಬಳ್ಳಾರಿಯ ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡರು. ಅನುಮಾನ ಹೋದದ್ದು ನರಕ್ಕೆ ಏರಿಸಿದ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ. ಆ ಬಳಿಕ ಸರ್ಕಾರ 2024ರ ಏಪ್ರಿಲ್‌ನಿಂದ ಡಿಸೆಂಬರ್‌ವರೆಗಿನ 464 ತಾಯಂದಿರ ಸಾವುಗಳನ್ನು ಪರಿಶೀಲಿಸಿದಾಗ, ಅವುಗಳಲ್ಲಿ ನೂರಕ್ಕೆ 70ಕ್ಕೂ ಹೆಚ್ಚು ತಪ್ಪಿಸಬಹುದಾಗಿದ್ದವು ಎಂದು ತಿಳಿದುಬಂತು. ದೊಡ್ಡಾಸ್ಪತ್ರೆ ಬೇಕೇ ಬೇಕು, ಆದರೆ ಅಷ್ಟರಿಂದಲೇ ಜೀವ ಉಳಿಯದು. ಹಿಂದೆ ಸೂಲಗಿತ್ತಿಯರೇ ಸಾಕಾಗಿದ್ದರಲ್ಲ ಎನ್ನುವವರೂ ಇದ್ದಾರೆ. ಪಾವಗಡದ ಸೂಲಗಿತ್ತಿ ನರಸಮ್ಮ ಅವರು 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿ 2018ರಲ್ಲಿ ಪದ್ಮಶ್ರೀ ಪಡೆದರು. ಅಂಥವರ ಕೈಗುಣ ದೊಡ್ಡದು. ಆದರೂ ರಕ್ತ ನಿಲ್ಲದೆ ಹೋದಾಗ ಚುಚ್ಚುಮದ್ದಾಗಲಿ ಏರಿಸಲು ರಕ್ತವಾಗಲಿ ಸೂಲಗಿತ್ತಿಯರ ಬಳಿ ಇರಲಿಲ್ಲ. ನೋವು ತಿನ್ನುವವಳ ಪಕ್ಕ ಬಿಟ್ಟು ಏಳದೆ ಕೂರುವ ಅವರ ತಾಳ್ಮೆಯನ್ನಂತೂ ಇಂದಿನ ಹೆರಿಗೆ ಕೋಣೆಗಳು ಕಲಿಯಲೇಬೇಕು.

ಇನ್ನು ಎರಡನೆಯ ಸಂಗತಿ. ಚೆನ್ನಾಗಿ ರಕ್ತವಿರುವವಳು ತಡೆದುಕೊಳ್ಳಬಲ್ಲ ಸ್ರಾವವನ್ನು ರಕ್ತಹೀನತೆಯ ಬಾಣಂತಿ ತಡೆದುಕೊಳ್ಳಲಾರಳು. ಅವಳ ಮಗುವೂ ಕಡಿಮೆ ತೂಕದಲ್ಲಿ ಹುಟ್ಟುವ ಸಂಭವ ಹೆಚ್ಚು. ರಾಜ್ಯದಲ್ಲಿ 2015-16ರಲ್ಲಿ ನೂರಕ್ಕೆ 45.4 ಬಸುರಿಯರಲ್ಲಿ ರಕ್ತಹೀನತೆಯಿತ್ತು, 2019-20ರಲ್ಲಿ 45.7. ಆಸ್ಪತ್ರೆ ಹೆರಿಗೆ ಏರಿದರೂ ಇದು ಅಲುಗಲಿಲ್ಲ. ಮಾತ್ರೆ ಕೊಟ್ಟರೂ ನುಂಗುವುದಿಲ್ಲ ಎಂದು ಹೆಂಗಸರನ್ನೇ ದೂರುವುದು ಸುಲಭ. ಕಬ್ಬಿಣದ ಮಾತ್ರೆಯಿಂದ ಹೊಟ್ಟೆ ತೊಳಸುತ್ತದೆ, ಮಲ ಕಪ್ಪಾಗುತ್ತದೆ, ಮಗು ದಪ್ಪಗಾಗಿ ಹೆರಿಗೆ ಕಷ್ಟವಾಗುತ್ತದೆಂಬ ಭಯವೂ ಇದೆ. ಮಲ ಕಪ್ಪಾಗುವುದು ಸಹಜ, ಊಟವಾದ ಮೇಲೆ ನುಂಗಿದರೆ ತೊಳಸು ಕಡಿಮೆ, ಆದರೆ ಅದರ ಜೊತೆ ಚಹಾ ಬೇಡ ಎಂದು ಯಾರಾದರೂ ಕೂತು ಹೇಳಿದರೆ ಅರ್ಧ ತೊಡಕು ಕಳೆಯುತ್ತದೆ. ಉಳಿದರ್ಧಕ್ಕೆ ಗುಳೆ ಕಾರಣ. ಕೂಡ್ಲಿಗಿ, ಹರಪನಹಳ್ಳಿ, ಹಡಗಲಿ ಕಡೆಯ ಎಷ್ಟೋ ಕುಟುಂಬಗಳು ಸುಗ್ಗಿ ಮುಗಿದ ಮೇಲೆ ಕಬ್ಬು ಕಡಿಯಲು, ಕಾಫಿ ತೋಟಕ್ಕೆ, ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೊರಡುತ್ತವೆ. 2017ರಲ್ಲಿ ಶುರುವಾದ ಮಾತೃಪೂರ್ಣ ಯೋಜನೆಯ ಬಿಸಿಯೂಟ ಊರ ಅಂಗನವಾಡಿಯಲ್ಲೇ ಉಳಿಯುತ್ತದೆ, ಬಸುರಿ ಮಾತ್ರ ಟೆಂಟ್‌ನಲ್ಲಿರುತ್ತಾಳೆ. ಹೊರಡುವ ಮುನ್ನವೇ ಆಶಾ ಕಾರ್ಯಕರ್ತೆ ಅವಳ ಹಿಮೋಗ್ಲೋಬಿನ್ ನೋಡಿಸಿ ತಾಯಿ ಕಾರ್ಡಿನಲ್ಲಿ ಬರೆಸಬೇಕು, ಮರಳುವವರೆಗಿನ ಮಾತ್ರೆಯನ್ನು ಒಟ್ಟಿಗೇ ಕೊಡಬೇಕು. ಹೋದ ಊರಿನ ಅಂಗನವಾಡಿ ಆ ಕಾರ್ಡ್ ನೋಡಿ ತಕರಾರಿಲ್ಲದೆ ಊಟ ಬಡಿಸುವಂತಾಗಬೇಕು.