ಕಾಯಲು ಒಪ್ಪಿದ ವಿಶ್ವವಿದ್ಯಾಲಯ

1989ರ ಸೆಪ್ಟೆಂಬರ್ ಮೊದಲ ವಾರ, ಅಮೆರಿಕದ ಕಾಲೇಜು ಫುಟ್ಬಾಲ್ ಋತು ಶುರುವಾಗುವ ಹೊತ್ತಿಗೆ, ‘ಸ್ಪೋರ್ಟ್ಸ್ ಇಲ್ಲಸ್ಟ್ರೇಟೆಡ್’ ಪತ್ರಿಕೆಯಲ್ಲಿ ಒಂದು ಲೇಖನ ಬಂತು. ದೇಶದ ಕಾಲೇಜು ತಂಡಗಳಲ್ಲೆಲ್ಲ ಕಾನ್ಸಾಸ್ ಸ್ಟೇಟ್ ವಿಶ್ವವಿದ್ಯಾಲಯದ್ದೇ ಅತ್ಯಂತ ದಯನೀಯ ತಂಡ ಎಂಬುದು ಅದರ ತಿರುಳು. ಮಾತು ಕಟುವಾಗಿದ್ದರೂ ಅಂಕಿಅಂಶ ಅದರ ಪರವಾಗಿಯೇ ಇತ್ತು. ಆ ತಂಡ ತನ್ನ ಲೀಗಿನ ಪ್ರಶಸ್ತಿ ಗೆದ್ದು 55 ವರ್ಷವಾಗಿತ್ತು. ಋತುವಿನ ಕೊನೆಗೆ ಚೆನ್ನಾಗಿ ಆಡಿದ ತಂಡಗಳಿಗೆ ಆಹ್ವಾನ ಸಿಗುವ ‘ಬೌಲ್’ ಪಂದ್ಯಕ್ಕೆ ಅದುವರೆಗಿನ ಇತಿಹಾಸದಲ್ಲಿ ಒಂದೇ ಒಂದು ಸಲ, 1982ರಲ್ಲಿ ಹೋಗಿತ್ತು; ಅಲ್ಲೂ ಸೋತಿತ್ತು. ಉನ್ನತ ದರ್ಜೆಯ ಕಾಲೇಜು ತಂಡಗಳ ಪೈಕಿ 500 ಪಂದ್ಯ ಸೋತ ಮೊದಲ ತಂಡ ಅದೇ. ಕೊನೆಯ 27 ಪಂದ್ಯಗಳಲ್ಲಿ 26 ಸೋಲು, ಒಂದು ಡ್ರಾ. ಇದೇ ತಂಡ 1998ರ ನವೆಂಬರ್‌ನಲ್ಲಿ ಒಂದೂ ಪಂದ್ಯ ಸೋಲದೆ ಕೋಚ್‌ಗಳ ಮತಗಣನೆಯಲ್ಲಿ ದೇಶಕ್ಕೇ ಮೊದಲ ಸ್ಥಾನಕ್ಕೇರಿತು. ನಡುವಿನ ಒಂಬತ್ತು ವರ್ಷದ ಕಥೆಯನ್ನು ಅಲ್ಲಿಯವರು ‘ಮ್ಯಾನ್‌ಹ್ಯಾಟನ್ ಪವಾಡ’ ಎನ್ನುತ್ತಾರೆ. ಪವಾಡ ಎಂದುಬಿಟ್ಟರೆ ಅದು ಹೇಗಾಯಿತು ಎಂದು ಕೇಳುವ ಅಗತ್ಯವೇ ಉಳಿಯುವುದಿಲ್ಲ. ಆದರೆ ಇಲ್ಲಿ ಕೇಳಲು, ಕಲಿಯಲು ಬೇಕಾದಷ್ಟಿದೆ. ಒಬ್ಬ ಕೋಚ್‌ಗೆ ತನ್ನ ಕ್ರಮದಲ್ಲಿ ಕೆಲಸ ಮಾಡಲು ಬೇಕಾದ ಕಾಲವನ್ನು ಒಂದು ಸಂಸ್ಥೆ ಕೊಟ್ಟದ್ದರಿಂದ ಆದದ್ದು ಇದು ಎಂಬುದು ನನ್ನ ವಾದ.

ಇದು ನ್ಯೂಯಾರ್ಕಿನ ಮ್ಯಾನ್‌ಹ್ಯಾಟನ್ ಅಲ್ಲ. ಅಮೆರಿಕದ ನಡುಮಧ್ಯದಲ್ಲಿ, ಗೋಧಿ ಬೆಳೆಯುವ, ದನ ಮೇಯಿಸುವ ಬಯಲುಸೀಮೆಯ ಸಣ್ಣ ಊರು. ಸರ್ಕಾರ ಕೊಟ್ಟ ಜಮೀನಿನ ಬಲದ ಮೇಲೆ, ರೈತರ ಮಕ್ಕಳಿಗೆ ಕೃಷಿ ಮತ್ತು ತಾಂತ್ರಿಕ ವಿದ್ಯೆ ಕಲಿಸಲೆಂದು 1863ರಲ್ಲಿ ಈ ಊರಿನಲ್ಲಿ ಹುಟ್ಟಿದ್ದು ಕಾನ್ಸಾಸ್ ಸ್ಟೇಟ್ ವಿಶ್ವವಿದ್ಯಾಲಯ. ಇಂಥ ‘ಲ್ಯಾಂಡ್ ಗ್ರಾಂಟ್’ ಸಂಸ್ಥೆಗಳ ಮಾದರಿಯಲ್ಲೇ 1960ರ ದಶಕದಲ್ಲಿ ಬೆಂಗಳೂರಿನ ಹೆಬ್ಬಾಳದ ಕೃಷಿ ವಿಶ್ವವಿದ್ಯಾಲಯ ರೂಪುಗೊಂಡಿತು. ಆಗ ಹೆಬ್ಬಾಳದ ನೆರವಿಗೆ ನಿಂತದ್ದು ಟೆನೆಸ್ಸೀ ವಿಶ್ವವಿದ್ಯಾಲಯ. ನೆರೆಯ ಆಂಧ್ರದ ಕೃಷಿ ವಿಶ್ವವಿದ್ಯಾಲಯಕ್ಕೆ ಇದೇ ಕಾನ್ಸಾಸ್ ಸ್ಟೇಟ್. ಪಾಠ, ಸಂಶೋಧನೆಗಳಲ್ಲಿ ಹೆಸರು ಮಾಡಿದ್ದ ಈ ಸಂಸ್ಥೆ ಫುಟ್ಬಾಲಿನಲ್ಲಿ ಮಾತ್ರ ನೆಬ್ರಾಸ್ಕ, ಒಕ್ಲಹಾಮದಂಥ ದೈತ್ಯರಿದ್ದ ‘ಬಿಗ್ ಎಯ್ಟ್’ ಲೀಗಿನಲ್ಲಿ ವರ್ಷವರ್ಷವೂ ಪೆಟ್ಟು ತಿನ್ನುತ್ತಿತ್ತು. ಪ್ರೇಕ್ಷಕರಿಲ್ಲ, ಟಿಕೆಟ್ ಹಣವಿಲ್ಲ. ಲೀಗಿನಿಂದ ಹೊರಬೀಳಬಹುದೆಂಬ ಮಾತೂ ಕೇಳಿಬರುತ್ತಿತ್ತು. 1986ರಲ್ಲಿ ಅಧ್ಯಕ್ಷರಾಗಿ ಬಂದ ಜಾನ್ ವೆಫಾಲ್ಡ್ ಒಂದು ತೀರ್ಮಾನಕ್ಕೆ ಬಂದರು. ತಂಡವನ್ನು ಮುಚ್ಚಬೇಕು, ಇಲ್ಲವೇ ಮನಸ್ಸಿಟ್ಟು ನಡೆಸಬೇಕು. ಅರೆಮನಸ್ಸಿನಿಂದ ಇಟ್ಟುಕೊಳ್ಳುವುದು ಆಗದ ಮಾತು. ಅದಕ್ಕೂ ಹಿಂದೆ ಕೋಚ್‌ಗಳನ್ನು ಬದಲಿಸಿರಲಿಲ್ಲವೆಂದಲ್ಲ; ಮತ್ತೆ ಮತ್ತೆ ಬದಲಿಸಿದ್ದರು. ಬರೀ ಕೋಚ್ ಬದಲಾದರೆ ತಂಡ ಬದಲಾಗುವುದಿಲ್ಲ ಎಂಬುದಕ್ಕೆ ಆ ಅರ್ಧ ಶತಮಾನವೇ ಸಾಕ್ಷಿ.

1988ರ ಕೊನೆಗೆ ಕ್ರೀಡಾ ನಿರ್ದೇಶಕ ಸ್ಟೀವ್ ಮಿಲ್ಲರ್ ಕರೆತಂದದ್ದು 49 ವರ್ಷದ ಬಿಲ್ ಸ್ನೈಡರ್ ಅವರನ್ನು. ದೊಡ್ಡ ತಂಡವೊಂದಕ್ಕೆ ಅವರು ಅದುವರೆಗೆ ಮುಖ್ಯ ಕೋಚ್ ಆಗಿರಲಿಲ್ಲ. ಅಯೋವ ವಿಶ್ವವಿದ್ಯಾಲಯದಲ್ಲಿ ಹೇಡನ್ ಫ್ರೈ ಅವರ ಕೈಕೆಳಗೆ ಆಕ್ರಮಣ ವಿಭಾಗ ನೋಡಿಕೊಳ್ಳುತ್ತಿದ್ದರು. ಫ್ರೈ 1979ರಲ್ಲಿ ಅಯೋವಕ್ಕೆ ಬಂದಾಗ ಅದೂ ಬಹುಕಾಲದಿಂದ ಸೋಲುತ್ತಿದ್ದ ತಂಡವೇ. ಮೂರೇ ವರ್ಷದಲ್ಲಿ ಅವರು ಅದನ್ನು ಪ್ರತಿಷ್ಠಿತ ರೋಸ್ ಬೌಲ್ ತನಕ ಒಯ್ದಿದ್ದರು. ಆ ಕೆಲಸವನ್ನು ಸ್ನೈಡರ್ ಒಳಗಿನಿಂದ, ದಿನದಿನವೂ ಕಂಡಿದ್ದರು. ಪವಾಡ ಎನ್ನುವವರು ಮೊದಲು ಗಮನಿಸಬೇಕಾದದ್ದು ಇದನ್ನು: ಮ್ಯಾನ್‌ಹ್ಯಾಟನ್‌ಗೆ ಬಂದವರು, ಕುಸಿದ ತಂಡ ಹೇಗೆ ಏಳುತ್ತದೆ ಎಂಬುದನ್ನು ಹತ್ತು ವರ್ಷ ಕಲಿತು ಬಂದವರು. ಬಂದವರು ತಂಡದ ಲಾಂಛನ ಬದಲಿಸಿದರು. ನೇರಳೆ ಬಣ್ಣದ, ಮುಂದಕ್ಕೆ ನುಗ್ಗುವ ಕಾಡುಬೆಕ್ಕಿನ ಆ ಮುಖ ಇಂದಿಗೂ ಆಟಗಾರರ ಹೆಲ್ಮೆಟ್ ಮೇಲಿದೆ. ತಂಡಕ್ಕೆಂದು ಹದಿನಾರು ಗುರಿಗಳನ್ನು ಬರೆದರು. ಬದ್ಧತೆ, ನಿಸ್ವಾರ್ಥ, ಒಗ್ಗಟ್ಟು, ಪ್ರತಿದಿನ ಸ್ವಲ್ಪ ಸುಧಾರಣೆ, ತಪ್ಪುಗಳನ್ನು ಕಡಿಮೆ ಮಾಡುವುದು, ಸೋಲಿಗೆ ಒಗ್ಗಿಕೊಳ್ಳದಿರುವುದು, ಗೆಲುವನ್ನು ನಿರೀಕ್ಷಿಸುವುದು, ಹೀಗೆ ಸಾಗುವ ಆ ಪಟ್ಟಿಯಲ್ಲಿ ಇಷ್ಟು ಪಂದ್ಯ ಗೆಲ್ಲಬೇಕು ಎಂಬ ಸಂಖ್ಯೆ ಎಲ್ಲೂ ಇಲ್ಲ. ಎರಡು ವರ್ಷದಿಂದ ಗೆಲುವಿನ ಮುಖವನ್ನೇ ಕಾಣದ ಹುಡುಗರ ಮುಂದೆ ಇಷ್ಟು ಗೆಲುವು ಎಂಬ ಲೆಕ್ಕ ಇಟ್ಟರೆ, ಮೊದಲ ತಿಂಗಳಲ್ಲೇ ಅವರು ಕೈಚೆಲ್ಲುತ್ತಿದ್ದರು. ಇವತ್ತಿನ ಅಭ್ಯಾಸದಲ್ಲಿ ನಿನ್ನೆಗಿಂತ ಚೆನ್ನಾಗಿ ಆಡಿದೆಯಾ ಎಂದು ಕೇಳಿದರೆ, ಸೋತ ತಂಡದ ಹುಡುಗನೂ ಹೌದು ಎನ್ನಬಲ್ಲ.

1989ರ ಆ ಋತುವಿನ ಮೊದಲ ಮೂರು ಪಂದ್ಯಗಳಲ್ಲಿ ತಂಡ ಸೋತಿತು. ಸೆಪ್ಟೆಂಬರ್ 30ರಂದು ತಮ್ಮದೇ ಅಂಗಳದಲ್ಲಿ ಎದುರಿಗಿದ್ದದ್ದು ನಾರ್ತ್ ಟೆಕ್ಸಸ್, ಒಂದು ದರ್ಜೆ ಕೆಳಗಿನ ತಂಡ. ಸ್ನೈಡರ್ ಹಿಂದೊಮ್ಮೆ ಸಹಾಯಕ ಕೋಚ್ ಆಗಿದ್ದ ಕಾಲೇಜೂ ಹೌದು. ಕೊನೆಯ ನಿಮಿಷಗಳಲ್ಲಿ ಕಾನ್ಸಾಸ್ ಸ್ಟೇಟ್ 14–17ರಿಂದ ಹಿಂದಿತ್ತು. ಗಡಿಯಾರ ಶೂನ್ಯಕ್ಕೆ ಇಳಿಯುವಾಗ ಕಾರ್ಲ್ ಸ್ಟ್ರಾ ಎಸೆದ ಚೆಂಡನ್ನು ಫ್ರಾಂಕ್ ಹೆರ್ನಾಂಡೆಜ್ ಅಂತಿಮ ಪಟ್ಟಿಯೊಳಗೆ ಹಿಡಿದರು. 20–17. ಹೊಡೆದದ್ದು ಹನ್ನೆರಡು ಗಜದ ಎಸೆತ. ಮುರಿದದ್ದು ಮೂವತ್ತು ಪಂದ್ಯಗಳ ಬರ. 1986ರ ಅಕ್ಟೋಬರ್ ನಂತರ ಅದೇ ಮೊದಲ ಗೆಲುವು. ಆ ಋತುವಿನಲ್ಲಿ ಮತ್ತೊಂದು ಗೆಲುವು ಬರಲಿಲ್ಲ. ಲೆಕ್ಕ 1–10ಕ್ಕೆ ನಿಂತಿತು. ಮುಂದಿನ ವರ್ಷ 5–6, ಅದರ ಮುಂದಿನ ವರ್ಷ 7–4, ನಾಲ್ಕನೆಯ ವರ್ಷ ಮತ್ತೆ ಜಾರಿ 5–6. ನಾಲ್ಕು ವರ್ಷ ಕೂಡಿಸಿದರೆ 18 ಗೆಲುವು, 26 ಸೋಲು. ಬೇರೆ ಎಷ್ಟೋ ಕಡೆ ಇಷ್ಟರಲ್ಲಿ ಕೋಚ್ ಪೆಟ್ಟಿಗೆ ಕಟ್ಟಬೇಕಾಗುತ್ತಿತ್ತು. ವೆಫಾಲ್ಡ್ ಅವರ ಆಡಳಿತ ಹಾಗೆ ಮಾಡಲಿಲ್ಲ, ಬದಲಿಗೆ ಮೈದಾನದ ಸೌಕರ್ಯಗಳಿಗೆ ಇನ್ನಷ್ಟು ಹಣ ಹೂಡಿತು. ಐದನೆಯ ವರ್ಷ, 1993ರಲ್ಲಿ, ತಂಡ ಒಂಬತ್ತು ಪಂದ್ಯ ಗೆದ್ದಿತು. ಕಾಪರ್ ಬೌಲ್‌ನಲ್ಲಿ ವಯೋಮಿಂಗ್ ತಂಡವನ್ನು 52–17ರಿಂದ ಸೋಲಿಸಿತು. ಬೌಲ್ ಪಂದ್ಯವೊಂದರಲ್ಲಿ ಅದು ಗಳಿಸಿದ ಮೊದಲ ಗೆಲುವು ಇದು.

ಆಟಗಾರರು ಎಲ್ಲಿಂದ ಬಂದರು? ಕಾಲೇಜು ಫುಟ್ಬಾಲಿನ ಗುಟ್ಟೆಲ್ಲ ಇರುವುದು ಹೈಸ್ಕೂಲು ಮುಗಿಸಿದ ಪ್ರತಿಭಾವಂತ ಹುಡುಗರನ್ನು ವಿದ್ಯಾರ್ಥಿವೇತನ ಕೊಟ್ಟು ಸೆಳೆಯುವುದರಲ್ಲಿ. ಸದಾ ಸೋಲುವ ತಂಡಕ್ಕೆ ಅಂಥವರು ಬರುವುದಿಲ್ಲ. ಅವರು ಬಾರದೆ ಗೆಲುವು ಬರುವುದಿಲ್ಲ. ಈ ಗಂಟನ್ನು ಸ್ನೈಡರ್ ಬಿಚ್ಚಿದ್ದು ಎರಡು ವರ್ಷದ ಜೂನಿಯರ್ ಕಾಲೇಜುಗಳ ಕಡೆ ತಿರುಗಿ. ಅಂಕ ಸಾಲದೆ ದೊಡ್ಡ ಕಾಲೇಜಿನ ಬಾಗಿಲು ಮುಚ್ಚಿಹೋದವರು, ಹೈಸ್ಕೂಲಿನಲ್ಲಿ ಯಾರ ಕಣ್ಣಿಗೂ ಬೀಳದವರು, ತಡವಾಗಿ ಮೈಕಟ್ಟು ಬಂದವರು, ಇಂಥವರು ಅಲ್ಲಿ ಆಡುತ್ತಿರುತ್ತಾರೆ. ಕಾನ್ಸಾಸ್ ರಾಜ್ಯದಲ್ಲಂತೂ ಬಟ್ಲರ್, ಕಾಫಿವಿಲ್, ಗಾರ್ಡನ್ ಸಿಟಿ ಎಂದು ಇಂಥ ಕಾಲೇಜುಗಳ ದೊಡ್ಡ ಸಾಲೇ ಇದೆ. ದೊಡ್ಡ ತಂಡಗಳು ಈ ಹುಡುಗರನ್ನು ಎರಡನೇ ದರ್ಜೆಯವರೆಂದು ಬದಿಗಿಡುತ್ತಿದ್ದ ಕಾಲ ಅದು. 1998ರ ತಂಡವನ್ನು ಮುನ್ನಡೆಸಿದ ಮೈಕಲ್ ಬಿಷಪ್ ಬಂದದ್ದು ಟೆಕ್ಸಸ್‌ನ ಬ್ಲಿನ್ ಎಂಬ ಅಂಥದೇ ಕಾಲೇಜಿನಿಂದ. ದೇಶದ ಅತ್ಯುತ್ತಮ ಆಟಗಾರನಿಗೆ ಕೊಡುವ ಹೈಸ್‌ಮನ್ ಪ್ರಶಸ್ತಿಯ ಮತದಾನದಲ್ಲಿ ಆ ವರ್ಷ ಅವರಿಗೆ ಎರಡನೇ ಸ್ಥಾನ. ಇನ್ನೊಂದು ಕಡೆ, ವಿದ್ಯಾರ್ಥಿವೇತನವಿಲ್ಲದೆ ತಾವಾಗಿ ಬಂದು ಸೇರುವ ಹಳ್ಳಿಹುಡುಗರಿಗೂ ಅವರ ತಂಡದಲ್ಲಿ ನಿಜವಾದ ಜಾಗವಿತ್ತು. ಮುಂದೆ ವೃತ್ತಿಪರ ಲೀಗಿನಲ್ಲಿ ಸೂಪರ್ ಬೌಲ್ ಗೆದ್ದ ಜಾರ್ಡಿ ನೆಲ್ಸನ್, ಮ್ಯಾನ್‌ಹ್ಯಾಟನ್‌ಗೆ ಹತ್ತಿರದ ರೈಲಿ ಎಂಬ ಪುಟ್ಟ ಊರಿನಿಂದ ಹಾಗೆಯೇ ಬಂದವರು.

ಇಲ್ಲಿ ಒಂದು ಆಕ್ಷೇಪವಿದೆ, ಗಟ್ಟಿಯಾದದ್ದೇ. ಸ್ನೈಡರ್ ಗೆದ್ದದ್ದು ದುರ್ಬಲರನ್ನು ಕರೆದು ಆಡಿಸಿ ಎನ್ನುತ್ತಾರೆ ಟೀಕಾಕಾರರು. ಲೀಗಿನ ಹೊರಗಿನ ಪಂದ್ಯಗಳಿಗೆ ಎದುರಾಳಿಗಳನ್ನು ಕಾಲೇಜೇ ಗೊತ್ತುಮಾಡಿಕೊಳ್ಳಬಹುದು. ಆ ಸ್ವಾತಂತ್ರ್ಯವನ್ನು ಅವರು ಸಂಕೋಚವಿಲ್ಲದೆ ಬಳಸಿದರು. 1998ರಲ್ಲಿ ಇಂಡಿಯಾನ ಸ್ಟೇಟ್ ವಿರುದ್ಧ 66–0, ನಾರ್ದರ್ನ್ ಇಲಿನಾಯ್ ವಿರುದ್ಧ 73–7. ಇವನ್ನು ಪಂದ್ಯ ಎನ್ನುವುದೇ ಕಷ್ಟ. ಇದಕ್ಕೆ ಬೆಲೆಯನ್ನೂ ತೆತ್ತರು. ಲೀಗಿನ ಅಂತಿಮ ಪಂದ್ಯದಲ್ಲಿ ಟೆಕ್ಸಸ್ ಎ ಅಂಡ್ ಎಂ ವಿರುದ್ಧ ಹೆಚ್ಚುವರಿ ಅವಧಿಯಲ್ಲಿ 33–36ರಿಂದ ಸೋತ ಮೇಲೆ, ಶ್ರೇಯಾಂಕದಲ್ಲಿ ಮೂರನೇ ಸ್ಥಾನದಲ್ಲಿದ್ದರೂ ದೊಡ್ಡ ಬೌಲ್‌ಗಳು ಯಾವುವೂ ಆ ತಂಡವನ್ನು ಕರೆಯಲಿಲ್ಲ. ಮುಂದೆ ಅಂಥ ತಂಡ ಹೊರಗುಳಿಯದಂತೆ ನಿಯಮವನ್ನೇ ತಿದ್ದಬೇಕಾಯಿತು. ಟೀಕೆಯನ್ನು ಪೂರ್ತಿ ಒಪ್ಪಿಯೂ ನಾನು ಹೇಳುವುದು ಇಷ್ಟು: ಸುಲಭದ ಪಂದ್ಯ ಒಂದು ತಂಡವನ್ನು ಏಳು ಗೆಲುವಿನ ತನಕ ಎತ್ತಬಹುದು, ಹನ್ನೊಂದರ ತನಕ ಎತ್ತಲಾರದು. ಅದೇ 1998ರಲ್ಲಿ ಅವರು ಟೆಕ್ಸಸ್ ವಿಶ್ವವಿದ್ಯಾಲಯವನ್ನು 48–7ರಿಂದ ಸೋಲಿಸಿದರು. ಇಪ್ಪತ್ತೊಂಬತ್ತು ವರ್ಷ ಸತತವಾಗಿ ತಮ್ಮನ್ನು ಸೋಲಿಸಿದ್ದ ನೆಬ್ರಾಸ್ಕವನ್ನು 40–30ರಿಂದ ಮಣಿಸಿದರು. 2003ರಲ್ಲಿ ದೇಶದ ಅಗ್ರ ತಂಡ ಒಕ್ಲಹಾಮವನ್ನು 35–7ರಿಂದ ಹೊಡೆದು, 1934ರ ನಂತರ ಮೊದಲ ಸಲ ಲೀಗ್ ಪ್ರಶಸ್ತಿ ಗೆದ್ದರು. ಅಂದು ಒಕ್ಲಹಾಮದ ಕೋಚ್ ಆಗಿದ್ದ ಬಾಬ್ ಸ್ಟೂಪ್ಸ್ ಮೊದಲು ಸ್ನೈಡರ್ ಅವರ ಸಹಾಯಕರಾಗಿದ್ದವರು. ಈ ಪಂದ್ಯಗಳಲ್ಲಿ ದುರ್ಬಲರು ಯಾರೂ ಇರಲಿಲ್ಲ.

ಎರಡನೆಯ ಆಕ್ಷೇಪ ಇನ್ನೂ ಆಳದ್ದು: ಇದೆಲ್ಲ ಒಬ್ಬ ಮನುಷ್ಯನ ಸಾಮರ್ಥ್ಯ, ಅವನು ಹೋದರೆ ಎಲ್ಲ ಹೋಯಿತು, ಇದರಲ್ಲಿ ಸಂಸ್ಥೆಯ ಪಾತ್ರ ಎಲ್ಲಿ? ಸ್ನೈಡರ್ 2005ರ ಕೊನೆಗೆ ನಿವೃತ್ತರಾದರು. ಕ್ರೀಡಾಂಗಣಕ್ಕೆ ಅವರ ಕುಟುಂಬದ ಹೆಸರಿಟ್ಟರು. ಅವರ ನಂತರ ಬಂದ ರಾನ್ ಪ್ರಿನ್ಸ್ ಮೂರು ವರ್ಷದಲ್ಲಿ 17 ಗೆದ್ದು 20 ಸೋತು ಹೊರನಡೆದರು. 2009ರಲ್ಲಿ ಎಪ್ಪತ್ತರ ಹೊಸ್ತಿಲಲ್ಲಿದ್ದ ಸ್ನೈಡರ್ ಅವರನ್ನೇ ಮತ್ತೆ ಕರೆದರು. 2012ರಲ್ಲಿ ಅವರು ಮತ್ತೊಮ್ಮೆ ಲೀಗ್ ಪ್ರಶಸ್ತಿ ತಂದರು. ಮೇಲ್ನೋಟಕ್ಕೆ ಇದು ಆಕ್ಷೇಪಕ್ಕೆ ಪುರಾವೆ. ಆದರೆ ಲೆಕ್ಕವನ್ನು ಪಕ್ಕಪಕ್ಕ ಇಟ್ಟು ನೋಡಬೇಕು. ಸ್ನೈಡರ್ ಅವರ ಮೊದಲ ಮೂರು ವರ್ಷ: 13 ಗೆಲುವು, 20 ಸೋಲು. ಪ್ರಿನ್ಸ್ ಅವರ ಮೂರು ವರ್ಷ: 17 ಗೆಲುವು, 20 ಸೋಲು. ಸೋಲು ಅಷ್ಟೇ, ಗೆಲುವು ನಾಲ್ಕು ಹೆಚ್ಚು. ಪ್ರಬಲ ಟೆಕ್ಸಸ್ ತಂಡವನ್ನು ಎರಡು ಸಲ ಸೋಲಿಸಿದ ಕೀರ್ತಿಯೂ ಪ್ರಿನ್ಸ್ ಅವರಿಗಿದೆ. ಒಬ್ಬರಿಗೆ ಮತ್ತೆರಡು ವರ್ಷ ಸಿಕ್ಕಿತು, ಇನ್ನೊಬ್ಬರಿಗೆ ಸಿಗಲಿಲ್ಲ. ವ್ಯತ್ಯಾಸವಿದ್ದದ್ದು ದಿಕ್ಕಿನಲ್ಲಿ: ಒಂದು, ಐದು, ಏಳು ಎಂದು ಏರಿದ್ದು ಒಂದು ಕಡೆ, ಏಳು, ಐದು, ಐದು ಎಂದು ಇಳಿದದ್ದು ಇನ್ನೊಂದು ಕಡೆ. ಜೊತೆಗೆ, ಏನೂ ಇಲ್ಲದ ಕಾಲದಲ್ಲಿ ಕಾಯುವುದು ಸಂಸ್ಥೆಗೆ ಸಾಧ್ಯವಾಗಿತ್ತು. ಗೆಲುವು ಕಂಡ ಮೇಲೆ ಅಷ್ಟು ಕಾಯುವ ತಾಳ್ಮೆ ಉಳಿಯಲಿಲ್ಲ. ಜೂನಿಯರ್ ಕಾಲೇಜಿನ ಆಟಗಾರರನ್ನು ಪ್ರಿನ್ಸ್ ಕೂಡ ಹೆಚ್ಚು ಸಂಖ್ಯೆಯಲ್ಲಿ ತಂದರು. ತಂತ್ರ ಎರವಲು ಸಿಗುತ್ತದೆ. ಅದು ಫಲ ಕೊಡಲು ಬೇಕಾದ ಐದು ವರ್ಷ ಸಿಗುವುದಿಲ್ಲ. ಸ್ನೈಡರ್ ಪ್ರತಿಭಾವಂತರೆಂಬುದನ್ನು ನಾನು ಅಲ್ಲಗಳೆಯುತ್ತಿಲ್ಲ. ಅವರು ಎರಡು ಸಲ ಕಟ್ಟಿದರು, ಒಟ್ಟು 215 ಪಂದ್ಯ ಗೆದ್ದರು. ಆದರೆ 2018ರ ಕೊನೆಗೆ ಅವರು ಮತ್ತೆ ನಿವೃತ್ತರಾದಾಗ ತಂಡ ಕುಸಿಯಲಿಲ್ಲ ಎಂಬುದನ್ನೂ ಹೇಳಬೇಕು. ಕ್ರಿಸ್ ಕ್ಲೀಮನ್ ಅವರ ಕೈಯಲ್ಲಿ 2022ರಲ್ಲಿ ಅದು ಮತ್ತೆ ಲೀಗ್ ಗೆದ್ದಿತು; ಆ ತಂಡದ ಆಕ್ರಮಣವನ್ನು ಹೆಣೆದವರು 2012ರ ತಂಡದ ನಾಯಕ ಕಾಲಿನ್ ಕ್ಲೈನ್.

ವಿಶ್ವವಿದ್ಯಾಲಯವೊಂದು ಆಟಕ್ಕೆ ಇಷ್ಟು ಹಣ, ಗಮನ ಸುರಿಯಬೇಕೇ ಎಂಬ ಪ್ರಶ್ನೆಗೆ ನನ್ನ ಉತ್ತರ ಅಷ್ಟು ಖಚಿತವಲ್ಲ. ಫುಟ್ಬಾಲ್ ಗೆದ್ದದ್ದರಿಂದಲೇ ವಿದ್ಯಾರ್ಥಿಗಳ ಸಂಖ್ಯೆ ಏರಿತು ಎಂದು ಅಭಿಮಾನಿಗಳು ಹೇಳುವುದುಂಟು. ಆದರೆ ವೆಫಾಲ್ಡ್ ಬಂದ ಮೊದಲ ವರ್ಷಗಳಲ್ಲಿ, ತಂಡ ಇನ್ನೂ ಸೋಲುತ್ತಿದ್ದಾಗಲೇ, ಆ ಏರಿಕೆ ಶುರುವಾಗಿತ್ತು. ರೋಡ್ಸ್, ಟ್ರೂಮನ್‌ನಂಥ ವಿದ್ಯಾರ್ಥಿವೇತನಗಳಿಗೆ ತಮ್ಮ ವಿದ್ಯಾರ್ಥಿಗಳನ್ನು ಸಿದ್ಧಪಡಿಸಲು ಅವರ ಆಡಳಿತ ಪಟ್ಟ ಶ್ರಮವೂ ಕಡಿಮೆಯದಲ್ಲ. ಫುಟ್ಬಾಲ್ ಆಡಿದ ಹುಡುಗರಿಗೆ ಆಗ ಸಂಬಳವಿರಲಿಲ್ಲ, ತಲೆಗೆ ಮೊಣಕಾಲಿಗೆ ಬಿದ್ದ ಪೆಟ್ಟು ಮಾತ್ರ ಅವರದೇ ಆಗಿತ್ತು ಎಂಬುದನ್ನೂ ಲೆಕ್ಕದಿಂದ ಬಿಡಲಾಗದು. ನಡೆಸುವುದಾದರೆ ಹೇಗೆ ನಡೆಸಬೇಕು ಎಂಬುದಕ್ಕೆ ಇಲ್ಲಿ ಉತ್ತರ ಸಿಗುತ್ತದೆ, ನಡೆಸಲೇಬೇಕೇ ಎಂಬುದಕ್ಕೆ ಇಲ್ಲ.

ಈಗ ಕಾಲ ಬದಲಾಗಿದೆ. 2021ರಿಂದ ಆಟಗಾರರು ಒಂದು ಋತುವೂ ಕೂರದೆ ಕಾಲೇಜು ಬದಲಿಸಬಹುದು, ತಮ್ಮ ಹೆಸರಿನ ಮೇಲೆ ಹಣ ಗಳಿಸಬಹುದು. ಅತಿ ಹೆಚ್ಚು ಸೋತವರ ಪಟ್ಟಿಯ ತುದಿಯಲ್ಲಿದ್ದ ಇಂಡಿಯಾನ ವಿಶ್ವವಿದ್ಯಾಲಯ 2023ರಲ್ಲಿ ಮೂರೇ ಪಂದ್ಯ ಗೆದ್ದಿತ್ತು. ಕರ್ಟ್ ಸಿಗ್ನೆಟ್ಟಿ ಎಂಬ ಹೊಸ ಕೋಚ್ ತಮ್ಮ ಹಿಂದಿನ ಕಾಲೇಜಿನ ಹತ್ತಕ್ಕೂ ಹೆಚ್ಚು ಆಟಗಾರರ ಜೊತೆ ಬಂದು ಮೊದಲ ವರ್ಷವೇ 11 ಗೆದ್ದರು. ಎರಡನೇ ವರ್ಷ ಒಂದೂ ಸೋಲದೆ ರಾಷ್ಟ್ರೀಯ ಪ್ರಶಸ್ತಿ ಗೆದ್ದರು. ಹಾಗಾದರೆ ಕಾಯಬೇಕೆಂಬ ವಾದ ಸುಳ್ಳಾಯಿತೇ? ಇಂಡಿಯಾನ ಕಾಯಬೇಕಾಗಲಿಲ್ಲ, ನಿಜ. ಆದರೆ ಸಿಗ್ನೆಟ್ಟಿ ತಂದದ್ದು ತಮ್ಮ ಕೈಕೆಳಗೆ ಅದಾಗಲೇ ಪಳಗಿದ್ದ ಹುಡುಗರನ್ನು. ಕಟ್ಟುವ ವರ್ಷಗಳು ಬೇರೊಂದು ಊರಿನಲ್ಲಿ ಕಳೆದಿದ್ದವು. ಅವರ ಯಶಸ್ಸನ್ನು ನೋಡಿ ಈಗ ಪ್ರತಿ ಕಾಲೇಜೂ ತನ್ನ ಕೋಚ್‌ನಿಂದ ಎರಡೇ ವರ್ಷದಲ್ಲಿ ಅಷ್ಟನ್ನೇ ಕೇಳುತ್ತಿದೆ. ಹೊಸದಾಗಿ ಬಂದ ಕೋಚ್‌ಗೆ, 1–10ರ ನಂತರವೂ ಎರಡನೇ ಋತು ಸಿಕ್ಕೀತು. 18–26 ಹಿಡಿದು ನಿಂತವರಿಗೆ ಐದನೆಯದನ್ನು ಕೊಡುವ ಆಡಳಿತ ಇಂದು ಸಿಗುವುದು ದುರ್ಲಭ. ಕಾನ್ಸಾಸ್ ಸ್ಟೇಟ್ ಒಂಬತ್ತು ಪಂದ್ಯ ಗೆದ್ದದ್ದು ಆ ಐದನೆಯದರಲ್ಲಿ.