ನಿಮಗಿದು ಗೊತ್ತೆ? ಮನೆಬಾಗಿಲಿಗೇ ಪುರಾಣದ ತುಣುಕು!

ಮಳೆಗಾಲದ ಸಂಜೆ ಮಂಗಳೂರಿನ ಮನೆಗಳ ಚಾವಡಿಗೆ ಕೃಷ್ಣನೇ ನಡೆದು ಬರುತ್ತಾನೆ! ಮೇಳಗಳ ತಿರುಗಾಟ ಮುಗಿಯುವ ದಿನವಾದ ಪತ್ತನಾಜೆಗೆ ಗೆಜ್ಜೆ ಬಿಚ್ಚಿದ ಯಕ್ಷಗಾನ ಕಲಾವಿದರು ‘ಚಿಕ್ಕಮೇಳ’ ಕಟ್ಟಿ ಮನೆಮನೆ ಸುತ್ತುತ್ತಾರೆ. ಒಂದು ಸ್ತ್ರೀವೇಷ, ಒಂದು ಪುರುಷವೇಷ, ಭಾಗವತರು, ಚೆಂಡೆ-ಮದ್ದಳೆ, ಅಷ್ಟೇ. ಇಡೀ ರಾತ್ರಿಯ ಆಟದ ತುಣುಕೊಂದು ಕೆಲವೇ ನಿಮಿಷದಲ್ಲಿ ಮುಗಿಯುತ್ತದೆ. ಪದ್ಯ ಪ್ರಸಂಗದ್ದು, ಮಾತು ಕಲಾವಿದನದ್ದೇ. ಪಕ್ಕದ ಮನೆಯಲ್ಲಿ ಗದರಿದ ಕೃಷ್ಣ ನಿಮ್ಮಲ್ಲಿ ನಗಿಸಲೂಬಹುದು. ಮನೆಯವರು ದೀಪ ಹಚ್ಚಿ, ಅಕ್ಕಿ, ತೆಂಗಿನಕಾಯಿ, ಕಾಣಿಕೆ ಇಟ್ಟು ಕಾಯುತ್ತಾರೆ.

ಹಳೆಯ ಪಾತ್ರಕ್ಕೆ ಹೊಸ ಮಾತು ಕಟ್ಟುವ ಈ ಆಟಕ್ಕೆ ಅಂತರ್ಜಾಲದಲ್ಲೂ ದೂರದ ನೆಂಟ ಉಂಟು. 2003ರಲ್ಲಿ ಶುರುವಾದ ‘ಯೂಲ್‌ಟೈಡ್’ ಎಂಬ ಕಥಾ ವಿನಿಮಯದಲ್ಲಿ ಅಭಿಮಾನಿಗಳು ಮೆಚ್ಚಿನ ಪಾತ್ರಗಳಿಗೆ ಹೊಸ ಕಥೆ ಕಟ್ಟಿ, ಕ್ರಿಸ್ಮಸ್‌ಗೆ ಪರಸ್ಪರ ಉಡುಗೊರೆ ಕೊಡುತ್ತಾರೆ. ಅಲ್ಲಿ ಕನಿಷ್ಠ 1,000 ಪದ ಬೇಕು. ಚಿಕ್ಕಮೇಳದಲ್ಲಿ ಮಾತಿನ ಲೆಕ್ಕ ಹಾಕುವವರಿಲ್ಲ. ಮುಂದಿನ ಮನೆಯಲ್ಲಿ ಆಗಲೇ ದೀಪ ಹಚ್ಚಿಟ್ಟಿರುತ್ತಾರೆ.